ದನ ನಡೆದಷ್ಟು ದೂರ ಗಡಿ

ಕಂದಾಯ ಇಲಾಖೆಯ ಹಳೆಯ ಲೆಕ್ಕಪತ್ರಗಳನ್ನು ತಿರುವಿದವರಿಗೆ 'ಬೇಚರಾಕ್' ಎಂಬ ಶಬ್ದ ಪರಿಚಿತ. ಊರಿಗೆ ಹೆಸರಿದೆ, ಸರ್ವೆ ನಂಬರುಗಳಿವೆ, ನಾಲ್ಕು ದಿಕ್ಕಿಗೆ ಮೇರೆಗಳಿವೆ, ಆದರೆ ಒಕ್ಕಲು ಒಂದೂ ಇಲ್ಲ. ಅಂಥದ್ದು ಬೇಚರಾಕ್ ಗ್ರಾಮ. ಪಾರಸಿಯ 'ಬೇ ಚಿರಾಗ್' ನಮ್ಮ ಶಾನುಭೋಗರ ಲೇಖಣಿಯಲ್ಲಿ ಹೀಗಾಗಿದೆ. ದೀಪವಿಲ್ಲದ್ದು ಎಂದು ಅರ್ಥ. ಮುಸ್ಸಂಜೆಗೆ ಒಂದು ಮನೆಯಲ್ಲೂ ಸೊಡರು ಹಚ್ಚುವವರಿಲ್ಲದ ಊರು.

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಉತ್ತರದ ಅಂಚಿನಲ್ಲಿ ತಿರುಗಾಡಿದವರು ಇಂಥ ಜಾಗಗಳನ್ನು ಕಂಡೇ ಇರುತ್ತಾರೆ. ಕಾಡು ಹಬ್ಬಿದ ದಿಣ್ಣೆ, ನೇಗಿಲಿಗೆ ಸಿಗುವ ಮಡಕೆಯ ಚೂರು, ಹೂಳು ತುಂಬಿದ ಕೆರೆ, ಅದರ ಏರಿಯ ಬದಿಗೆ ಅರ್ಧ ಹೂತು ನಿಂತ ಒಂದು ವೀರಗಲ್ಲು. ಈ ಪೈಕಿ ಎಲ್ಲಕ್ಕಿಂತ ದೊಡ್ಡ ಹಾಳೂರು ಬಂದಳಿಕೆ. ಶಿಕಾರಿಪುರದಿಂದ ಉತ್ತರಕ್ಕೆ ಮೂವತ್ತು ಚಿಲ್ಲರೆ ಕಿ.ಮೀ. ಶಾಸನಗಳಲ್ಲಿ ಇದು ಬಂದಣಿಕೆ, ಬಾಂಧವಪುರ. ಶಾಂತಿನಾಥ ಬಸದಿ, ತ್ರಿಮೂರ್ತಿ ನಾರಾಯಣ ಗುಡಿ, ಸೋಮೇಶ್ವರ ಗುಡಿ ಇವೆಲ್ಲ ಇನ್ನೂ ನಿಂತಿವೆ. ಸೋಮೇಶ್ವರನ ಬಾಗಿಲಿನ ಎರಡೂ ಪಕ್ಕದ ಜಾಲಂಧ್ರಗಳಲ್ಲಿ ರಾಮಾಯಣ, ಮಹಾಭಾರತದ ಕಥೆಗಳನ್ನು ಕೊರೆದ ಶಿಲ್ಪಿಯ ಕೈಚಳಕ ನೋಡಲು ದೂರದಿಂದ ಜನ ಬರುತ್ತಾರೆ. ಬನಶಂಕರಿಗೆ ನಡೆದುಕೊಳ್ಳುವ ಭಕ್ತರೂ ಬರುತ್ತಾರೆ. ಆದರೆ ಇಷ್ಟೆಲ್ಲ ಗುಡಿಗಳನ್ನು ಕಟ್ಟಿಸಿ, ಪೂಜಿಸಿ, ಜಾತ್ರೆ ಮಾಡಿದ ಆ ಹಳೆಯ ಪಟ್ಟಣ ಮಾತ್ರ ಇಲ್ಲ.

ಗುಡಿಗಳ ವಿಷಯ ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ಬಂದಳಿಕೆಯ ಸುತ್ತಲಿನ ನಾಡು ನೂರಾರು ವರ್ಷ ಇಬ್ಬರು ಮೂವರು ರಾಜರ ನಡುವಿನ ಗಡಿಯಾಗಿತ್ತು. ಅಂಥ ಕಡೆ ಸಾಮಾನ್ಯನೊಬ್ಬ ಹೇಗೆ ಬದುಕಿದ ಎಂಬುದು ಈ ಲೇಖನದ ವಿಷಯ. ಆಫ್ಘಾನಿಸ್ತಾನ, ಪಾಕಿಸ್ತಾನಗಳ ನಡುವಿನ ಪಠಾಣರ ಹಳ್ಳಿಗಳ ಸುದ್ದಿ ಓದಿ 'ಅದೆಂಥ ನಾಡಪ್ಪ' ಎಂದು ನಾವು ತಲೆಯಾಡಿಸುತ್ತೇವೆ. ಅಂಥದೇ ನಾಡು ನಮ್ಮ ಕಾಲ ಕೆಳಗಿದೆ. ಅದರ ವರದಿ ಕಲ್ಲಿನಲ್ಲಿ ಬರೆದಿದೆ, ಅದೂ ಕನ್ನಡದಲ್ಲಿ.

ನಾಲ್ಕು ದೊರೆಗಳನ್ನು ಕಂಡ ಒಬ್ಬ ರೈತ

ಬನವಾಸಿ ಹನ್ನೆರಡು ಸಾವಿರ ಎಂಬ ದೊಡ್ಡ ನಾಡಿನೊಳಗೆ ನಾಗರಖಂಡ ಎಪ್ಪತ್ತು ಎಂಬ ಸಣ್ಣ ನಾಡು ಸೇರಿತ್ತು. ಬಂದಳಿಕೆ ಅದರ ಮುಖ್ಯ ಸ್ಥಳ. ಈ ಸಂಖ್ಯೆ ಹಳ್ಳಿಗಳ ಲೆಕ್ಕವೋ ಆದಾಯದ ಲೆಕ್ಕವೋ ಎಂದು ವಿದ್ವಾಂಸರು ಇನ್ನೂ ಜಗಳವಾಡುತ್ತಾರೆ. ಪಕ್ಕದಲ್ಲಿ ಜಿಡ್ಡುಳಿಗೆ ಎಪ್ಪತ್ತು, ಉತ್ತರಕ್ಕೆ ಪಾನುಂಗಲ್ ಐನೂರು, ಅಂದರೆ ಇಂದಿನ ಹಾನಗಲ್ಲು.

ಲೆಕ್ಕದ ಅನುಕೂಲಕ್ಕೆ, ಕ್ರಿ.ಶ. 1150ರಲ್ಲಿ ನಾಗರಖಂಡದ ಒಂದು ಹಳ್ಳಿಯಲ್ಲಿ ಹುಟ್ಟಿ ಎಪ್ಪತ್ತು ವರ್ಷ ಬಾಳಿದ ಒಬ್ಬ ರೈತನನ್ನು ಊಹಿಸಿಕೊಳ್ಳಿ. ಅವನು ಹುಟ್ಟುವಾಗ ಕಲ್ಯಾಣದ ಚಾಲುಕ್ಯರ ಆಳ್ವಿಕೆ. ಹುಡುಗನಾಗಿರುವಾಗಲೇ ಕಲಚುರಿ ಬಿಜ್ಜಳ ಸಿಂಹಾಸನವೇರಿದ. ನಡುಹರೆಯಕ್ಕೆ ಬರುವಷ್ಟರಲ್ಲಿ ಚಾಲುಕ್ಯ ನಾಲ್ಕನೆಯ ಸೋಮೇಶ್ವರ ಮತ್ತೆ ಬಂದ. ಅವನನ್ನು ನೂಕಿ ದಕ್ಷಿಣದಿಂದ ಹೊಯ್ಸಳ ಬಲ್ಲಾಳ, ಉತ್ತರದಿಂದ ಸೇವುಣ ಭಿಲ್ಲಮ ಏರಿಬಂದರು. ಬಲ್ಲಾಳ 1196ರಲ್ಲಿ ಹಾನಗಲ್ಲಿನ ಕದಂಬರ ಕೋಟೆಗೆ ಮುತ್ತಿಗೆ ಹಾಕಿದ. ನಮ್ಮ ರೈತ ಮುದುಕನಾಗಿ ಜಗಲಿ ಹಿಡಿಯುವ ಹೊತ್ತಿಗೆ, ಅಂದರೆ 1215ರ ಸುಮಾರಿಗೆ, ಬಳ್ಳಿಗಾವಿಯ ಶಾಸನಗಳಲ್ಲಿ ಸೇವುಣ ಸಿಂಘಣನ ಹೆಸರು ಬರುತ್ತದೆ. ಒಂದೇ ಜನ್ಮದಲ್ಲಿ ಚಾಲುಕ್ಯ, ಕಲಚುರಿ, ಹೊಯ್ಸಳ, ಸೇವುಣ. ಇವನು ಕೊಟ್ಟ ಸುಂಕ ಯಾರ ಯಾರ ಬೊಕ್ಕಸಕ್ಕೆ ಹೋಯಿತೋ, ಅವನಿಗೇ ಲೆಕ್ಕ ಸಿಕ್ಕಿರಲಾರದು.

ಹಾಗೆಂದು ನಾಡು ಬರೀ ರಣರಂಗವಾಗಿತ್ತು ಎಂದು ತಿಳಿಯಬಾರದು. ಇದೇ ಅವಧಿಯಲ್ಲಿ ಬಳ್ಳಿಗಾವಿ ದೊಡ್ಡ ವ್ಯಾಪಾರದ ಪಟ್ಟಣವಾಗಿತ್ತು. ಅಲ್ಲಿನ ಕೋಡಿಯ ಮಠದಲ್ಲಿ ವೇದಶಾಸ್ತ್ರಗಳ ಪಾಠ ನಡೆಯುತ್ತಿತ್ತು. ಹಸಿದವರಿಗೆ ಅನ್ನ, ರೋಗಿಗಳಿಗೆ ಔಷಧಿ ಸಿಗುತ್ತಿತ್ತು ಎಂದು 1162ರ ಶಾಸನ ಹೇಳುತ್ತದೆ. ಭತ್ತ, ಅಡಿಕೆ, ಕಬ್ಬು ಬೆಳೆಯುವ ನೆಲ. ಕೆರೆಗಳಂತೂ ಲೆಕ್ಕವಿಲ್ಲದಷ್ಟು. ಕದಿಯಲು ಏನಾದರೂ ಇದ್ದರೆ ತಾನೆ ಕಳ್ಳ ಬರುವುದು?

ತುರುಗೊಳ್, ಊರಳಿವು, ಪೆಣ್ಬುಯ್ಯಲ್

ಬಿ.ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದಲ್ಲಿ ಶಿಕಾರಿಪುರ ತಾಲ್ಲೂಕಿನ ಶಾಸನಗಳು ಏಳನೆಯ ಸಂಪುಟದಲ್ಲೂ (1902) ಸೊರಬದವು ಎಂಟನೆಯದರಲ್ಲೂ (1904) ಅಚ್ಚಾಗಿವೆ. ಒಂದೇ ನಾಗರಖಂಡದ ಕಥೆಯನ್ನು ಓದಲು ಎರಡು ಸಂಪುಟ ಎದುರಿಗಿಟ್ಟುಕೊಳ್ಳಬೇಕು. ಗಡಿಯೆಂಬುದು ಗ್ರಂಥಾಲಯವನ್ನೂ ಬಿಟ್ಟಿಲ್ಲ ನೋಡಿ.

ಈ ಸಂಪುಟಗಳಲ್ಲಿ ರಾಜರ ದಾನಶಾಸನಗಳನ್ನು ಪಕ್ಕಕ್ಕಿಟ್ಟು ವೀರಗಲ್ಲುಗಳನ್ನಷ್ಟೇ ಓದುತ್ತ ಹೋದರೆ ಕೆಲವು ಶಬ್ದಗಳು ಮತ್ತೆ ಮತ್ತೆ ಎದುರಾಗುತ್ತವೆ. ತುರುಗೊಳ್ ಎಂದರೆ ದನಗಳನ್ನು ಹೊಡೆದುಕೊಂಡು ಹೋಗುವುದು. ಊರಳಿವು ಎಂದರೆ ಊರನ್ನೇ ಸೂರೆಮಾಡಿ ಹಾಳುಗೆಡವುವುದು. ಪೆಣ್ಬುಯ್ಯಲ್ ಎಂದರೆ ಹೆಂಗಸರ ಮೊರೆ, ಅವರ ಮಾನಕ್ಕೆ ಕೈಹಾಕಿದಾಗ ಎದ್ದ ಕೂಗು. ಇವಲ್ಲದೆ ಊರೂರುಗಳ ನಡುವಿನ ಸೀಮೆಯ ಜಗಳಗಳು. ಇಂಥ ಗಲಭೆಯಲ್ಲಿ ಕಾದಿ ಸತ್ತವನಿಗೆ ಕಲ್ಲು ನಿಲ್ಲಿಸಿದರು. ಅವನ ಮನೆಯವರಿಗೆ ಒಂದಿಷ್ಟು ಗದ್ದೆ ಬಿಟ್ಟುಕೊಟ್ಟರು. ಆ ಗದ್ದೆಗೆ ಬಾಳ್ಗಳ್ಚು ಎಂಬ ಹೆಸರಿದೆ, ಕತ್ತಿ ತೊಳೆದದ್ದು ಎಂದು. ನೆತ್ತರುಕೊಡಗೆ ಎಂಬ ಹೆಸರೂ ಇದೆ. ಅದಕ್ಕೆ ಅರ್ಥ ಹೇಳುವ ಅಗತ್ಯವಿಲ್ಲ.

ವೀರಗಲ್ಲಿನ ರಚನೆ ಬಹುಮಟ್ಟಿಗೆ ಒಂದೇ. ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ವಿಮಾನದಲ್ಲಿ ಕರೆದೊಯ್ಯುವುದು, ಮೇಲೆ ಶಿವಲಿಂಗದ ಮುಂದೆ ಅವನು ಕುಳಿತಿರುವುದು, ನೆತ್ತಿಯಲ್ಲಿ ಸೂರ್ಯ ಚಂದ್ರ. ಅಂಕಣಗಳ ನಡುವಿನ ಪಟ್ಟಿಯಲ್ಲಿ ಬರಹ. ತುರುಗೊಳ್ಳಿನ ಕಲ್ಲಾದರೆ ಕೆಳಗಿನ ಅಂಕಣದಲ್ಲಿ ಸಾಲಾಗಿ ದನಗಳು.

ಆ ದನಗಳ ಬಗ್ಗೆ ಒಂದು ಮಾತು. ನಾನು ವಿಜ್ಞಾನದ ಮೇಷ್ಟ್ರು. ಇತಿಹಾಸ ನನ್ನ ವಿಷಯವಲ್ಲ. ವೇಗ, ಕಾಲ, ದೂರದ ಲೆಕ್ಕ ಮಾತ್ರ ಬರುತ್ತದೆ. ಹಿಂಡಾಗಿ ಹೊಡೆದ ದನ ಗಂಟೆಗೆ ಮೂರು ಕಿ.ಮೀ. ನಡೆದೀತು, ಬೆನ್ನಟ್ಟಿದರೆ ಸ್ವಲ್ಪ ಹೆಚ್ಚು. ಸಂಜೆ ಮೇವಿನಿಂದ ಮರಳುವ ಹೊತ್ತಿಗೆ ಹೊಡೆದುಕೊಂಡು ಹೊರಟರೆ ಬೆಳಗಿನ ಜಾವಕ್ಕೆ ಮೂವತ್ತು ಕಿ.ಮೀ. ದಾಟುವುದು ಕಷ್ಟ. ಈಗ ಭೂಪಟದ ಮೇಲೆ ಬಂದಳಿಕೆಯಲ್ಲಿ ಕೈವಾರದ ಮೊನೆಯಿಟ್ಟು ಅಷ್ಟು ದೂರಕ್ಕೆ ಒಂದು ವೃತ್ತ ಎಳೆಯಿರಿ. ಬಳ್ಳಿಗಾವಿ, ಆನವಟ್ಟಿ, ಹಿರೇಕೆರೂರು ಒಳಗೆ ಬರುತ್ತವೆ. ಬನವಾಸಿ, ಹಾನಗಲ್ಲುಗಳು ಅಂಚಿನ ಆಸುಪಾಸಿನಲ್ಲಿ ನಿಲ್ಲುತ್ತವೆ. ಹಳ್ಳಿಯವನಿಗೆ ಗಡಿಯೆಂದರೆ ಇಷ್ಟೇ: ಒಂದು ರಾತ್ರಿಯಲ್ಲಿ ಅವನ ದನ ನಡೆದಷ್ಟು ದೂರ. ಅಷ್ಟರೊಳಗೆ ಹಿಂಡನ್ನು ತಡೆದರೆ ಅದು ಅವನದು. ತಡೆಯದಿದ್ದರೆ ಬೆಳಗಾಗುವಾಗ ಇನ್ನೊಬ್ಬ ಅರಸನ ನಾಡಿನಲ್ಲಿ, ಇನ್ನೊಬ್ಬರ ಕೊಟ್ಟಿಗೆಯಲ್ಲಿ ಇರುತ್ತದೆ.

ಬನವಾಸಿಯಿಂದಲೋ ಬಳ್ಳಿಗಾವಿಯಿಂದಲೋ ದಂಡು ಬರಲಿ ಎಂದು ಕಾಯುವಂತಿರಲಿಲ್ಲ ಎಂಬುದು ಇದರಿಂದ ತಿಳಿಯುತ್ತದೆ. ದಂಡನಾಯಕನಿಗೆ ಸುದ್ದಿ ಮುಟ್ಟಲು ಅರ್ಧ ರಾತ್ರಿ, ಅವನು ಕುದುರೆಗೆ ಜೀನು ಬಿಗಿಸಲು ಇನ್ನರ್ಧ. ಆದ್ದರಿಂದ ಕೈಗೆ ಸಿಕ್ಕಿದ್ದನ್ನು ಹಿಡಿದು ಓಡಿದವರು ಗೌಡನ ಮಗ, ಮನೆಯ ಆಳು, ಗೋವಳ. ಶಾಸನದಲ್ಲಿ 'ತುರುವಂ ಮಗುಳ್ಚಿ' ಎಂಬ ಮಾತು ಬರುತ್ತದೆ, ದನಗಳನ್ನು ಹಿಂದಿರುಗಿಸಿ ಎಂದು. ದನ ಊರಿಗೆ ಬಂತು, ತಂದವನು ಬರಲಿಲ್ಲ. ಒಂದು ಎತ್ತು ಹೋದರೆ ಆ ವರ್ಷದ ಉಳುಮೆ ಹೋಯಿತು, ಹಿಂಡು ಹೋದರೆ ಊರೇ ಹೋಯಿತು. ಸ್ವರ್ಗದ ಆಸೆಗೆ ಕಾದಿದರು ಎಂದು ಕಲ್ಲಿನ ಮೇಲಿನ ಅಂಕಣ ಹೇಳಿದರೂ, ಕಾರಣ ಕೆಳಗಿನ ಅಂಕಣದಲ್ಲೇ ಇದೆ.

ವೀರಗಲ್ಲುಗಳ ಮುಂದೆ ನಿಂತು ಎದೆಯುಬ್ಬಿಸಿ ಭಾಷಣ ಮಾಡುವವರ ಜೊತೆ ನನಗೆ ಸ್ವಲ್ಪ ತಕರಾರಿದೆ. ದನ ಹೊಡೆಯಲು ಬಂದವರು ಯಾರು? ಅನ್ಯದೇಶದವರೇನಲ್ಲ, ಬಹುಪಾಲು ಪಕ್ಕದ ನಾಡಿನವರೇ. ಅವರ ಮಾತೂ ಕನ್ನಡ, ಅವರ ದೇವರೂ ಶಿವ. ಅವರಲ್ಲಿ ಸತ್ತವನಿಗೂ ಅವನ ಊರಿನಲ್ಲಿ ಕಲ್ಲು ನಿಲ್ಲಿಸಿದ್ದಾರೆ, ಅವನನ್ನೂ ಅಪ್ಸರೆಯರು ಕೊಂಡೊಯ್ದಿದ್ದಾರೆ. ಮೇಲಿನ ಒಡೆಯರು ಬದಲಾದ ಹಾಗೆ ಈ ಊರಿನವರು ಆ ಊರಿಗೆ ವೈರಿಗಳಾದರು. ಬಳೆ ತೊಟ್ಟ ಒಂದೇ ಒಂದು ಕೈ ಮೇಲೆತ್ತಿದ ಮಾಸ್ತಿಕಲ್ಲುಗಳು ಗಡಿಯ ಎರಡೂ ಬದಿಗಿವೆ. ಅವುಗಳಲ್ಲಿ ಆ ಹೆಣ್ಣುಮಕ್ಕಳ ಹೆಸರು ಎಷ್ಟೋ ಸಲ ಇರುವುದೇ ಇಲ್ಲ.

ಜಕ್ಕಿಯಬ್ಬೆ

ಆದರೆ ಒಬ್ಬಳ ಹೆಸರು ಉಳಿದಿದೆ, ಅದೂ ಬಂದಳಿಕೆಯಲ್ಲೇ. ರಾಷ್ಟ್ರಕೂಟರ ಕಾಲದಲ್ಲಿ, ಕಲಿವಿಟ್ಟರಸ ಬನವಾಸಿ ಹನ್ನೆರಡು ಸಾವಿರವನ್ನು ಆಳುತ್ತಿದ್ದಾಗ, ನಾಗರಖಂಡ ಎಪ್ಪತ್ತಕ್ಕೆ ಸತ್ತರಸ ನಾಗಾರ್ಜುನ ಎಂಬವನು ನಾಳ್ಗಾವುಂಡನಾಗಿದ್ದ. ಅರಸನ ಕೆಲಸದ ಮೇಲೆ ಹೋದವನು ಮಡಿದ. ಅವನ ಹುದ್ದೆಯನ್ನು ತಮ್ಮನಿಗೋ ದಾಯಾದಿಗೋ ಕೊಡಲಿಲ್ಲ. ಹೆಂಡತಿ ಜಕ್ಕಿಯಬ್ಬೆಗೆ ಕೊಟ್ಟರು.

ಶಾಸನ ಅವಳ ಆಡಳಿತದ ಜಾಣ್ಮೆಯನ್ನು, ಹೆಣ್ಣಾಗಿಯೂ ನಾಡನ್ನು ಕಾಪಾಡಿದ ಕೆಚ್ಚನ್ನು, ಜಿನಭಕ್ತಿಯನ್ನು ಬಾಯಿತುಂಬ ಹೊಗಳುತ್ತದೆ. ನಾಳ್ಗಾವುಂಡಿಕೆಯೆಂದರೆ ಅಲಂಕಾರದ ಪದವಿಯಲ್ಲ. ತೆರಿಗೆ ವಸೂಲಿ, ನ್ಯಾಯ, ಸೀಮೆಯ ಜಗಳ, ದನ ಹೋದಾಗ ಆಳುಗಳನ್ನು ಕಳಿಸುವುದು ಎಲ್ಲ ಅದರೊಳಗೆ ಬಂತು. ಗಂಡನನ್ನು ನುಂಗಿದ ಕೆಲಸವನ್ನೇ ಅವಳು ಕೈಗೆತ್ತಿಕೊಂಡಳು. ಕೊನೆಗೆ ಮೈಗೆ ರೋಗ ತಗಲಿದಾಗ ಮಗಳನ್ನು ಕರೆಸಿ ಎಲ್ಲವನ್ನೂ ಅವಳಿಗೆ ಒಪ್ಪಿಸಿ, ಬಂದಣಿಕೆಯ ಬಸದಿಯಲ್ಲಿ ಸಲ್ಲೇಖನ ವ್ರತ ಹಿಡಿದು ದೇಹಬಿಟ್ಟಳು. ಶಕ 840, ಅಂದರೆ ಕ್ರಿ.ಶ. 918.

ಮಗಳಿಗೆ ಒಪ್ಪಿಸಿದಳು ಎಂಬ ಮಾತನ್ನು ಗಮನಿಸಬೇಕು. ಗಡಿನಾಡಿನಲ್ಲಿ ಗಂಡಸರು ಬೇಗ ಸಾಯುತ್ತಿದ್ದರು ಎಂಬುದಷ್ಟೇ ಅದಕ್ಕೆ ಕಾರಣವಿರಬಹುದು. ಹೆಣ್ಣಿನ ಮೇಲೆ ಗೌರವವಿತ್ತು ಎಂದೂ ಇರಬಹುದು. ಎರಡೂ ಸೇರಿಯೇ ಇತ್ತು ಎಂದು ನನ್ನ ಅನಿಸಿಕೆ.

ಡ್ಯುರಾಂಡ್ ಗೆರೆ

ಇನ್ನು ಪಠಾಣರ ಮಾತಿಗೆ ಬರೋಣ. 1893ರ ನವೆಂಬರ್ 12ರಂದು ಕಾಬೂಲಿನಲ್ಲಿ ಬ್ರಿಟಿಷ್ ಇಂಡಿಯಾದ ಮಾರ್ಟಿಮರ್ ಡ್ಯುರಾಂಡ್ ಮತ್ತು ಅಮೀರ್ ಅಬ್ದುರ್ ರಹಮಾನ್ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಎರಡೂವರೆ ಸಾವಿರ ಕಿ.ಮೀ.ಗೂ ಉದ್ದದ ಆ ಗೆರೆ ಮೊಹಮಂದ್, ವಜೀರಿ ಮೊದಲಾದ ಬುಡಕಟ್ಟುಗಳನ್ನು ನಡುವೆ ಸೀಳಿತು. ಅದನ್ನು ಆಫ್ಘಾನಿಸ್ತಾನ ಗಡಿಯೆಂದು ಒಪ್ಪುವುದಿಲ್ಲ. 1947ರ ಸೆಪ್ಟೆಂಬರಿನಲ್ಲಿ ಪಾಕಿಸ್ತಾನ ವಿಶ್ವಸಂಸ್ಥೆ ಸೇರುವಾಗ ವಿರುದ್ಧವಾಗಿ ಮತ ಹಾಕಿದ ಒಂದೇ ದೇಶ ಅದು.

ಅಲ್ಲಿನ ಹಳ್ಳಿಯ ಮನೆಗೆ ಎತ್ತರದ ಮಣ್ಣಿನ ಗೋಡೆ, ಮೂಲೆಗೊಂದು ಕಾವಲುಗೋಪುರ. ನಮ್ಮ ಹಾವೇರಿ, ಧಾರವಾಡ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಅಲ್ಲಲ್ಲಿ ಕಾಣುವ ಹುಡೇವುಗಳನ್ನು ನೆನೆದರೆ ಸಾಕು. ದಂಡು ಬಂತೆಂದರೆ ಜನ ಹತ್ತಿ ಕುಳಿತುಕೊಳ್ಳುತ್ತಿದ್ದ ಊರಿನ ಬುರುಜು ಅದು. ಬಂದವನಿಗೆ ಊಟ ಹಾಕುವುದು, ಮರೆಹೊಕ್ಕವನನ್ನು ಬಿಟ್ಟುಕೊಡದಿರುವುದು, ಸೇಡು ತೀರಿಸುವುದು ಪಠಾಣರ ಅಲಿಖಿತ ಕಟ್ಟಳೆ. ಮರೆಹೊಕ್ಕವರನ್ನು ಕಾಯುವುದು ನಮ್ಮ ಶಾಸನಗಳಲ್ಲೂ ವೀರನ ಗುಣವೇ.

ಅಲ್ಲಿಯೂ ಗೆರೆಯ ಬಿಸಿ ಮೊದಲು ತಟ್ಟಿದ್ದು ಕುರಿ ಕಾಯುವವರಿಗೆ. ಪೊವಿಂದಾ ಎಂಬ ಅಲೆಮಾರಿಗಳು ಚಳಿಗಾಲಕ್ಕೆ ಹಿಂಡುಗಳೊಂದಿಗೆ ಸಿಂಧೂ ಬಯಲಿಗೆ ಇಳಿದು ಬೇಸಿಗೆಗೆ ಬೆಟ್ಟಕ್ಕೆ ಮರಳುತ್ತಿದ್ದರು. 1961ರಲ್ಲಿ ಎರಡು ದೇಶಗಳು ಮುನಿಸಿಕೊಂಡು ಗಡಿ ಮುಚ್ಚಿದಾಗ ಆ ನಡಿಗೆ ಮುರಿಯಿತು. 2017ರಿಂದ ಪಾಕಿಸ್ತಾನ ತಂತಿಬೇಲಿ ಹಾಕತೊಡಗಿತು. ಚಮನ್ ಪಟ್ಟಣದವರು ಗುರುತಿನ ಚೀಟಿ ತೋರಿಸಿ ದಿನಾ ದಾಟುತ್ತಿದ್ದ ಕಡೆ 2023ರಲ್ಲಿ ಪಾಸ್‌ಪೋರ್ಟ್ ಕಡ್ಡಾಯವಾಯಿತು. ಜನ ತಿಂಗಳುಗಟ್ಟಲೆ ಧರಣಿ ಕೂತರು. 2025ರ ಅಕ್ಟೋಬರಿನಲ್ಲಿ ಎರಡೂ ಕಡೆಯ ಸೈನ್ಯಗಳೇ ಕಾದಾಡಿ ದಾರಿಗಳು ಮುಚ್ಚಿಕೊಂಡವು. ತಂತಿಬೇಲಿಯ ಕಾಲದ ಗಡಿ ದನ ನಡೆದಷ್ಟು ದೂರವೂ ಅಲ್ಲ. ಮನೆಯಿಂದ ಹೊಲಕ್ಕೆ ಹೋಗುವ ದಾರಿಯಲ್ಲೇ ಇದೆ.

ಇನ್ನೊಂದು ಕ್ರೂರ ಪದ್ಧತಿ ಅಲ್ಲಿತ್ತು. ಬ್ರಿಟಿಷರು 1901ರಲ್ಲಿ ತಂದ ಗಡಿ ಅಪರಾಧ ಕಾಯಿದೆಯ ಪ್ರಕಾರ ಒಬ್ಬ ತಪ್ಪು ಮಾಡಿ ಓಡಿಹೋದರೆ ಇಡೀ ಬುಡಕಟ್ಟನ್ನು ದಂಡಿಸಬಹುದಿತ್ತು. ಪಾಕಿಸ್ತಾನ ಅದನ್ನು ಕೈಬಿಟ್ಟದ್ದು 2018ರಲ್ಲಿ.

ಮಾಮಲೇದಾರ, ಅಮಲ್ದಾರ

ನಾಗರಖಂಡದ ಗಡಿ ಸೇವುಣರೊಂದಿಗೆ ಮುಗಿಯಲಿಲ್ಲ. ಹೈದರ್, ಟಿಪ್ಪು ಒಂದು ಕಡೆ, ಮರಾಠರು ಇನ್ನೊಂದು ಕಡೆ ನಿಂತಾಗಲೂ ದಂಡಿನ ದಾರಿ ಇದೇ. ಶ್ರೀರಂಗಪಟ್ಟಣದ ಸೆರೆಯಿಂದ 1799ರಲ್ಲಿ ಹೊರಬಿದ್ದ ಚನ್ನಗಿರಿಯ ಧೋಂಡಿಯಾ ವಾಘ್ ಶಿಕಾರಿಪುರವನ್ನು ಹಿಡಿದ. ಇಂಗ್ಲಿಷರ ಪಡೆ ಅಟ್ಟಿದಾಗ ಗಡಿದಾಟಿ ಮರಾಠರ ಸೀಮೆಗೆ ನುಸುಳಿದ. ಮರುವರ್ಷ ಇನ್ನೂ ದೊಡ್ಡ ದಂಡು ಕಟ್ಟಿಕೊಂಡು ಎದ್ದ. ವೆಲ್ಲೆಸ್ಲಿ ಅವನನ್ನು ಬೆನ್ನಟ್ಟಿ ಕೊಂದದ್ದು 1800ರ ಸೆಪ್ಟೆಂಬರಿನಲ್ಲಿ, ದೂರದ ಕೋಣಗಲ್ಲಿನಲ್ಲಿ. ಗಡಿಯಿದ್ದರೆ ಬೆನ್ನಟ್ಟಿದವನು ನಿಲ್ಲಬೇಕು, ಓಡುವವನು ಬದುಕುತ್ತಾನೆ. ಊರಿನವನಿಗೆ ಎರಡೂ ಕಡೆಯವರಿಗೆ ಮೇವು, ಅಕ್ಕಿ ಒದಗಿಸುವ ಕರ್ಮ.

ಆಮೇಲೆ ಬಂದೂಕಿಲ್ಲದ ಗಡಿಯೊಂದು 1956ರವರೆಗೆ ಇತ್ತು. ಸೊರಬ, ಶಿಕಾರಿಪುರ ಮೈಸೂರು ಸಂಸ್ಥಾನ. ಹಾನಗಲ್ಲು, ಹಿರೇಕೆರೂರು, ಬನವಾಸಿ ಮುಂಬಯಿ ಪ್ರಾಂತ. ಈಚೆ ಅಮಲ್ದಾರ, ಆಚೆ ಮಾಮಲೇದಾರ. ಈಚೆ ಶಾನುಭೋಗ, ಆಚೆ ಕುಲಕರ್ಣಿ. ಅಲ್ಲಿ ಒಂದು ಕಾಲಕ್ಕೆ ಕನ್ನಡ ರೈತನ ಲೆಕ್ಕವನ್ನೂ ಮೋಡಿ ಲಿಪಿಯ ಮರಾಠಿಯಲ್ಲಿ ಬರೆದಿಡುತ್ತಿದ್ದರು. ಹೆಣ್ಣು ಕೊಟ್ಟು ತಂದುಕೊಳ್ಳುವುದಕ್ಕೆ, ದನದ ಸಂತೆಗೆ, ಜಾತ್ರೆಗೆ ಈ ಗೆರೆ ಅಡ್ಡ ಬರಲಿಲ್ಲ. ಆದರೆ ಕೋರ್ಟಿಗೆ ಹೋಗಬೇಕಾದವನು ಒಂದೇ ಮನೆತನದವನಾದರೂ ಒಬ್ಬ ಶಿವಮೊಗ್ಗದ ಕಡೆ, ಇನ್ನೊಬ್ಬ ಧಾರವಾಡದ ಕಡೆ ಮುಖಮಾಡಬೇಕಿತ್ತು. 1956ರ ನವೆಂಬರ್ 1ರಂದು ಆ ಗೆರೆ ಅಳಿಸಿತು. ಏಕೀಕರಣವೆಂದರೆ ಬೆಂಗಳೂರಿನಲ್ಲಿ ಮೆರವಣಿಗೆ. ಇಲ್ಲಿನವರಿಗೆ ಅದು ಪಕ್ಕದೂರು ಪರದೇಶವಲ್ಲವಾದ ದಿನ. ಗಡಿಯ ಜಗಳವೇನೋ ಉತ್ತರಕ್ಕೆ ಸರಿಯಿತು. ಬೆಳಗಾವಿ, ಜತ್ತ, ಅಕ್ಕಲಕೋಟೆಗಳ ಹಳ್ಳಿಯವರು 1967ರ ಮಹಾಜನ ವರದಿಯ ಹೆಸರು ಹೇಳುತ್ತ ಇನ್ನೂ ಕಾಯುತ್ತಿದ್ದಾರೆ.

ಕಲ್ಲುಗಳ ಗತಿ

ಈಗ ನಾಗರಖಂಡದಲ್ಲಿ ದನ ಹೊಡೆಯಲು ಯಾರೂ ಬರುವುದಿಲ್ಲ. ಆ ಕಾಲದ ಸಾಕ್ಷಿಗಳಿಗೆ ಮಾತ್ರ ಅಪಾಯ ತಪ್ಪಿಲ್ಲ. ಬಂದಳಿಕೆಯ ಗುಡಿಗಳಿಗೆ ಪುರಾತತ್ವ ಇಲಾಖೆಯ ರಕ್ಷಣೆಯಿದೆ. ಕೆಲವು ಕಲ್ಲುಗಳು ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ವಸ್ತುಸಂಗ್ರಹಾಲಯ ಸೇರಿ ಬದುಕಿಕೊಂಡಿವೆ. ಗದ್ದೆಯ ಬದುವಿನ, ಕೆರೆ ಏರಿಯ ಕಲ್ಲಿಗೆ ದಿಕ್ಕಿಲ್ಲ. ಕಾಲುವೆಗೆ ಸಂಕವಾದದ್ದು, ಬಟ್ಟೆ ಒಗೆಯುವ ಕಲ್ಲಾದದ್ದು, ನಿಧಿಯ ಆಸೆಗೆ ಬುಡ ಅಗೆಸಿಕೊಂಡು ಮಲಗಿದ್ದು, ಎಲ್ಲ ಬಗೆಯದನ್ನೂ ಕಂಡಿದ್ದೇನೆ. ಭಕ್ತಿಯೂ ಒಮ್ಮೊಮ್ಮೆ ಕೆಡುಕೇ. ಎಣ್ಣೆ ಹಚ್ಚಿದರೆ ಧೂಳು ಹಿಡಿದು ಅಕ್ಷರ ಮುಚ್ಚುತ್ತದೆ. ಬಣ್ಣ ಬಳಿದರೆ ಮುಗಿದೇ ಹೋಯಿತು.

ಹಲವು ಕಲ್ಲುಗಳು ಬಳಪದ ಜಾತಿಯವು, ಮೆದು. ಉಗುರಿಗೂ ಗೀರು ಬೀಳುವಷ್ಟು ಮೆದುವಾದ ಖನಿಜ ಅದರಲ್ಲಿರುತ್ತದೆ. ಮೇಲೆ ಬೂದು, ಹಸಿರು ಬಣ್ಣದ ಕಲ್ಲುಹೂ ಬೆಳೆದು ತನ್ನ ಆಮ್ಲದಿಂದ ಮೈಯನ್ನು ನಿಧಾನವಾಗಿ ತಿನ್ನುತ್ತದೆ. ಹಾಗೆಂದು ಕಬ್ಬಿಣದ ಬ್ರಷ್ಷಿನಿಂದ ಉಜ್ಜಿದರೆ ಕಲ್ಲುಹೂವಿನ ಜೊತೆ ಶಾಸನವೂ ಹೋಗುತ್ತದೆ. ಓದಬೇಕೆಂದಿದ್ದರೆ ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಹೋಗಿ. ಬೆಳಕು ಪಕ್ಕದಿಂದ ಬಿದ್ದಾಗ ಅಕ್ಷರದ ಕುಳಿಯಲ್ಲಿ ನೆರಳು ನಿಂತು, ಮಧ್ಯಾಹ್ನ ಕಾಣದ ಸಾಲುಗಳು ಎದ್ದು ಬರುತ್ತವೆ. ಮೋಡವಿದ್ದರೆ ಕನ್ನಡಿಯೋ ಟಾರ್ಚೋ ಸಾಕು. ಹಿಟ್ಟು, ಸುಣ್ಣ, ಚಾಕ್‌ಪೀಸು ಬೇಡ.

ನಮ್ಮ ಮಕ್ಕಳಿಗೆ ಇದನ್ನು ಬೆಳಕಿನ ಪಾಠದ ಜೊತೆ ಸೇರಿಸಿ ತೋರಿಸುತ್ತೇನೆ. ಹಳಗನ್ನಡ ಲಿಪಿ ಅವರಿಗೆ ಓದಲು ಬಾರದು, ಬಹಳ ಕಡೆ ಬರಹ ಸವೆದೂ ಹೋಗಿದೆ. ವೀರನ ಹೆಸರಿಲ್ಲ, ಊರಿಲ್ಲ, ಯಾವ ಅರಸನ ಕಾಲವೆಂಬುದಿಲ್ಲ. ಆದರೂ ಕೆಳಗಿನ ಅಂಕಣದ ಮಣ್ಣು ಬಿಡಿಸಿ, ಟಾರ್ಚನ್ನು ಓರೆಯಾಗಿ ಹಿಡಿದು, ಅವರು ಮೊದಲು ಮಾಡುವ ಕೆಲಸ ದನಗಳನ್ನು ಎಣಿಸುವುದು.